ಆಟ ಮುಗಿದ ಮೇಲಿನ ಅರ್ಧ ಗಂಟೆ: ಕಾಸರಗೋಡಿನ ಒಂದು ಕಬಡ್ಡಿ ಅಂಗಳದ ಪ್ರಕರಣ ಅಧ್ಯಯನ

ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಯುವಕರ ಕ್ಲಬ್ಬಿಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ. ಮುರಕಲ್ಲಿನ ಒಂದು ಕೋಣೆ, ಒಳಗೆ ಟ್ರೋಫಿಗಳ ಸಾಲು, ಎದುರಿಗೆ ಕೆಂಪು ಮಣ್ಣಿನ ಅಂಗಳ, ಎರಡು ಕಂಬಕ್ಕೆ ಕಟ್ಟಿದ ದೀಪ. ಬೇರೆ ಏನೂ ಇಲ್ಲದ ಊರಿನಲ್ಲೂ ಇಷ್ಟಿರುತ್ತದೆ. ಇಲ್ಲಿ ವಿವರಿಸುವುದು ಹುಡುಗರನ್ನು ಅಮಲಿನಿಂದ ದೂರ ಇಡಲು ಅಂಥ ಒಂದು ಅಂಗಳದಲ್ಲಿ ನಡೆದ ಯತ್ನದ ಒಂದು ವರ್ಷ. ಇದು ಒಂದೇ ಊರಿನ ದಾಖಲೆಯಲ್ಲ. ಈ ಭಾಗದ ಅಂಗಳಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೆಡೆ ಸೇರಿಸಿ, ಯಾವ ಹುಡುಗನ ಗುರುತೂ ಸಿಗದಂತೆ ಕಟ್ಟಿದ ಮಾದರಿ ಪ್ರಕರಣ. ಅಭ್ಯಾಸದ ವಿವರ, ಅಳತೆ, ಎಚ್ಚರಿಕೆಗಳನ್ನು ಮಾತ್ರ ಹಾಗೆಯೇ ಎತ್ತಿಕೊಂಡು ಬಳಸಬಹುದು.

ಅಂಗಳ ಮತ್ತು ಹುಡುಗರು

ಸಂಜೆ ಬರುವವರು 13ರಿಂದ 19 ವಯಸ್ಸಿನ ಮೂವತ್ತರಷ್ಟು ಹುಡುಗರು. ಮನೆಮಾತು ಒಬ್ಬೊಬ್ಬರದು ಒಂದೊಂದು: ತುಳು, ಬ್ಯಾರಿ, ಮರಾಠಿ, ಮಲಯಾಳ. ಶಾಲೆ ಹೆಚ್ಚಿನವರಿಗೆ ಕನ್ನಡ ಮಾಧ್ಯಮ. ಅರ್ಧದಷ್ಟು ಮಂದಿ ಹತ್ತನೆಯದರ ನಂತರ ಅಥವಾ ಪ್ಲಸ್ ಒನ್ (ಹನ್ನೊಂದನೆಯ ತರಗತಿ) ಮಧ್ಯದಲ್ಲಿ ಶಾಲೆ ಬಿಟ್ಟವರು. ಅಡಕೆ ಸುಲಿಯುವುದು, ಮದುವೆ ಸೀಸನಿನಲ್ಲಿ ಕ್ಯಾಟರಿಂಗ್, ಟೈಲ್ಸ್ ಕೆಲಸಕ್ಕೆ ಸಹಾಯಕ್ಕೆ ಹೋಗುವುದು, ಇವು ಅವರ ಸಂಪಾದನೆ. ಐದಾರು ಹುಡುಗರು ಕೊರಗ ಬುಡಕಟ್ಟು ಸಮುದಾಯದ ವಸತಿಯಿಂದ ನಡೆದು ಬರುತ್ತಾರೆ. ಇಂಥ ವಸತಿಗಳಿಗೆ 'ಕಾಲನಿ' ಎಂಬ ಹೆಸರನ್ನು ಕೇರಳ ಸರ್ಕಾರ 2024ರಲ್ಲಿ ಕೈಬಿಟ್ಟಿತು. ಆದರೆ ಅಂಗಳದಲ್ಲಿ 'ಕಾಲನಿಯವರು' ಎಂದು ಕರೆಯುವುದು ನಿಂತಿರಲಿಲ್ಲ, ತಂಡ ಆರಿಸುವಾಗ ಅವರ ಸರದಿ ಕೊನೆಗೇ ಬರುತ್ತಿತ್ತು. ಅಮಲಿನ ವಿಷಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಗುಂಪಿನಲ್ಲಿ ಜಾಗ ಸಿಗದ ಹುಡುಗನಿಗೆ ಜಾಗ ಕೊಡುವ ಇನ್ನೊಂದು ಗುಂಪು ಯಾವಾಗಲೂ ಹತ್ತಿರದಲ್ಲೇ ಇರುತ್ತದೆ, ಸಂಬಂಧ ಅದು.

ಬಳಕೆ ಆರಂಭವಾಗುವುದು ತುಟಿಯೊಳಗೆ ಇಡುವ ತಂಬಾಕಿನ ಸಣ್ಣ ಪೊಟ್ಟಣದಿಂದ, ಏಳು ಎಂಟನೇ ತರಗತಿಯಲ್ಲಿ. ಕೇರಳ ಗುಟ್ಕಾ ನಿಷೇಧಿಸಿದ್ದು 2012ರಲ್ಲಿ, ಪೊಟ್ಟಣದ ಸಿಪ್ಪೆ ಅಂಗಳದ ಮೂಲೆಯಲ್ಲಿ ಇವತ್ತೂ ಸಿಗುತ್ತದೆ. ನಂತರ ಬಿಯರು, ಗಾಂಜಾ. ಒಂದಿಬ್ಬರ ಕೈಯಲ್ಲಿ ಮಾತ್ರೆ ಅಥವಾ ಎಂಡಿಎಂಎ ಎಂಬ ರಾಸಾಯನಿಕ ಮಾದಕ. ಚಿಕ್ಕವರಲ್ಲಿ ಕೆಲವೊಮ್ಮೆ ಅಂಟು, ಥಿನ್ನರ್ ಮೂಸುವುದು ಕಾಣುತ್ತದೆ. ಇದನ್ನು ದೊಡ್ಡವರು ಗಮನಿಸುವುದೇ ಇಲ್ಲ. ಏಮ್ಸ್ ನಡೆಸಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲಿ ಬಳಕೆಯ ಪ್ರಮಾಣ ಹೆಚ್ಚಿದ್ದ ವರ್ಗ ಇದೊಂದೇ: 10ರಿಂದ 17 ವಯಸ್ಸಿನವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58.

ವಿಷಯ ಹೊರಬಿದ್ದದ್ದು ಏಪ್ರಿಲಿನ ಹೊನಲು ಬೆಳಕಿನ ಪಂದ್ಯದ ರಾತ್ರಿ. ಗೆದ್ದ ತಂಡದ ಹಿರಿಯ ಆಟಗಾರರು ಶಾಲೆಯ ಹಿಂದೆ ಪಾರ್ಟಿ ಮಾಡಿದರು. ಹದಿನಾರರ ಒಬ್ಬ ರೈಡರ್ (ಎದುರಾಳಿಯ ಅಂಗಳಕ್ಕೆ ನುಗ್ಗುವ ಆಟಗಾರ) ಅವರೊಂದಿಗೆ ಕೂತ. ಅಮಲಿನಲ್ಲಿದ್ದವನ ಬೈಕಿನ ಹಿಂದೆ ಕೂತು ಮನೆಗೆ ಹೊರಟವನು ತಿರುವಿನಲ್ಲಿ ಬಿದ್ದು ಮುಂಗೈ ಮುರಿದುಕೊಂಡ. ಮರುದಿನ ಕ್ಲಬ್ಬಿನ ಸಮಿತಿ ಸೇರಿ ಅವನನ್ನು ತಂಡದಿಂದ ತೆಗೆಯುವುದೆಂದು ತೀರ್ಮಾನಿಸಿತು. ಕುಡಿಸಿದವರು ಅದೇ ಸಮಿತಿಯಲ್ಲಿ ಕೂತಿದ್ದರು.

ಮೊದಲ ಯತ್ನ ಯಾಕೆ ನಿಲ್ಲಲಿಲ್ಲ

ಮೇ ತಿಂಗಳಲ್ಲಿ ಎರಡು ಕೆಲಸ ನಡೆದವು. ಒಂದು, ಜಾಗೃತಿ ತರಗತಿ. ಪರದೆಯ ಮೇಲೆ ಹಾಳಾದ ಶ್ವಾಸಕೋಶದ ಚಿತ್ರ, ಜೈಲಿನ ಲೆಕ್ಕ, ಅಮಲು ಬಿಟ್ಟವನೊಬ್ಬನ ಭಾಷಣ, ಕೊನೆಗೆ ಕೈ ಮುಂದೆ ಚಾಚಿ ಪ್ರತಿಜ್ಞೆ. ಇನ್ನೊಂದು, 'ಅಮಲಿನ ವಿರುದ್ಧ ಆಟ' ಎಂಬ ಬ್ಯಾನರಿನ ಕೆಳಗೆ ಮತ್ತೊಂದು ಟೂರ್ನಮೆಂಟು. ಎರಡರಿಂದಲೂ ಏನೂ ಬದಲಾಗಲಿಲ್ಲ, ಆಗದಿದ್ದುದರಲ್ಲಿ ಅಚ್ಚರಿಯೂ ಇಲ್ಲ.

ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ತಡೆಗಟ್ಟುವಿಕೆಯ ಮಾನದಂಡಗಳನ್ನು 2013ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿತು. ಬರೀ ಮಾಹಿತಿ ಕೊಡುವುದು, ಅದರಲ್ಲೂ ಹೆದರಿಸುವುದು ಫಲ ಕೊಟ್ಟಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಹದಿಮೂರರ ಹುಡುಗ ಅದುವರೆಗೆ ಕೇಳಿರದ ಮಾತ್ರೆಯ ಹೆಸರನ್ನು ತರಗತಿಯಲ್ಲೇ ಕಲಿತ. ಬಿಟ್ಟವನ ಭಾಷಣದಿಂದ ಅವನ ತಲೆಯಲ್ಲಿ ಉಳಿದದ್ದು 'ಇಷ್ಟೆಲ್ಲ ಮಾಡಿಯೂ ಬಿಡಬಹುದು' ಎಂಬ ಮಾತು.

ಟೂರ್ನಮೆಂಟಿನ ಸಂಗತಿ ಇನ್ನೂ ಮುಖ್ಯ, ಯಾಕೆಂದರೆ ಆಟ ಆಡಿಸಿದರೆ ಅಮಲು ದೂರ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಹದಿಹರೆಯದವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕ್ರೀಡೆಯಲ್ಲಿರುವವರು ಗಾಂಜಾದ ಆಚೆಗಿನ ಅಕ್ರಮ ಮಾದಕಗಳಿಂದ ಸ್ವಲ್ಪ ದೂರ ಇರುತ್ತಾರೆ, ಮದ್ಯವನ್ನು ಮಾತ್ರ ಇತರರಿಗಿಂತ ಹೆಚ್ಚು ಕುಡಿಯುತ್ತಾರೆ. ಗೆದ್ದರೂ ಪಾರ್ಟಿ, ಸೋತರೂ ಪಾರ್ಟಿ ಎಂಬ ತಂಡದ ಕ್ರಮವೇ ಕಾರಣ. ಐಸ್‌ಲ್ಯಾಂಡಿನ ಉದಾಹರಣೆಯನ್ನು ಹಲವರು ಹೇಳುತ್ತಾರೆ: 15-16 ವಯಸ್ಸಿನವರಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದವರು 1998ರಲ್ಲಿ ಶೇ. 42 ಇದ್ದದ್ದು 2016ಕ್ಕೆ ಶೇ. 5ಕ್ಕೆ ಇಳಿಯಿತು. ಅಲ್ಲಿ ಆಟದ ಜೊತೆಗೆ ತರಬೇತಾದ ಕೋಚ್‌ಗಳಿದ್ದರು, ರಾತ್ರಿ ಮಕ್ಕಳು ಮನೆಗೆ ಮುಟ್ಟುವ ಹೊತ್ತಿನ ಬಗ್ಗೆ ಪೋಷಕರಲ್ಲಿ ಒಪ್ಪಂದವಿತ್ತು, ಪ್ರತಿ ವರ್ಷ ಹುಡುಗರನ್ನೇ ಕೇಳಿ ಪಡೆದ ಲೆಕ್ಕವಿತ್ತು. ದೊಡ್ಡವರ ಉಸ್ತುವಾರಿಯಲ್ಲಿ ನಡೆಯುವ ಆಟಕ್ಕೂ ಹುಡುಗರು ತಾವೇ ಸೇರಿ ಆಡುವ ಆಟಕ್ಕೂ ಮದ್ಯದ ವಿಷಯದಲ್ಲಿ ವ್ಯತ್ಯಾಸ ಇದೆ ಎಂದು ಅಲ್ಲಿನ ಸಂಶೋಧಕರು ತೋರಿಸಿದ್ದಾರೆ.

ಹಾಗಾಗಿ ಎರಡನೇ ಯತ್ನಕ್ಕೆ ಮುಂಚೆ ಒಂದು ಸರಳ ಕೆಲಸ ಮಾಡಲಾಯಿತು. ಒಂದು ವಾರ ಸಂಜೆ 5ರಿಂದ 9ರವರೆಗೆ ಅಂಗಳದಲ್ಲಿ ಯಾರು, ಎಲ್ಲಿ, ಯಾರೊಂದಿಗೆ ಇದ್ದಾರೆ ಎಂದು ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಬರೆದಿಡಲಾಯಿತು. ಹೆಸರಿಲ್ಲ, ತಲೆಲೆಕ್ಕ ಮಾತ್ರ. ಆಟ ನಡೆಯುವ ಒಂದೂವರೆ ಗಂಟೆ ಅಂಗಳದಲ್ಲಿ ಏನೂ ನಡೆಯುತ್ತಿರಲಿಲ್ಲ. ಏಳಕ್ಕೆ ಆಟ ನಿಂತು ಕೋಚ್ ಬೈಕ್ ಹತ್ತಿದ ಮೇಲೆ ಏಳೂವರೆಯವರೆಗೆ ಹುಡುಗರು ಬೆವರು ಆರಿಸುತ್ತ ಮೂಲೆಗಳಲ್ಲಿ ಗುಂಪುಗೂಡುತ್ತಿದ್ದರು. ಹಿರಿಯ ಆಟಗಾರರು ಬೈಕಿನಲ್ಲಿ ಬಂದು ಸೇರುತ್ತಿದ್ದದ್ದು ಆಗ. ದಣಿವು, ಹಸಿವು, ಕತ್ತಲೆ, ದೊಡ್ಡವರ ಸ್ನೇಹ, ಎಲ್ಲವೂ ಆ ಅರ್ಧ ಗಂಟೆಯಲ್ಲಿ ಕೂಡುತ್ತಿದ್ದವು. ಕಾರ್ಯಕ್ರಮವನ್ನು ಅದರ ಸುತ್ತ ಕಟ್ಟಬೇಕೆಂದು ಅಲ್ಲಿಗೆ ತೀರ್ಮಾನವಾಯಿತು.

ಹೊಸ ಸಂಜೆ

ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿದಾಗ ವಾರಕ್ಕೆ ನಾಲ್ಕು ದಿನದ ಅಭ್ಯಾಸ ಶುರುವಾಯಿತು. ಇಬ್ಬರು ದೊಡ್ಡವರು ಕಡ್ಡಾಯ: ಒಬ್ಬ ಕೋಚ್, ಇನ್ನೊಬ್ಬರು ಆಟಕ್ಕೆ ಸಂಬಂಧವೇ ಇಲ್ಲದವರು. ನಿವೃತ್ತ ಟೀಚರ್ ಆಗಬಹುದು, ಆಶಾ ಕಾರ್ಯಕರ್ತೆ ಆಗಬಹುದು. ಒಬ್ಬರೇ ಇದ್ದರೆ ಯಾರಿಗೋ ಗಾಯವಾದ ದಿನ ಉಳಿದ ಇಪ್ಪತ್ತೊಂಬತ್ತು ಹುಡುಗರನ್ನು ನೋಡುವವರಿಲ್ಲ. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದಲೂ ಒಬ್ಬ ದೊಡ್ಡವರು ಒಬ್ಬ ಹುಡುಗನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಮಾತಾಡುವುದಿದ್ದರೆ ಎಲ್ಲರ ಕಣ್ಣಿಗೆ ಬೀಳುವ, ಕಿವಿಗೆ ಬೀಳದ ಜಾಗದಲ್ಲಿ ಮಾತು.

ಸಂಜೆ 5:15ಕ್ಕೆ ಹಾಜರಿ. ಐದು ನಿಮಿಷ ಕೂತು, ಮಣಿಕಟ್ಟಿನ ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ ತನ್ನ ಪುಸ್ತಕದಲ್ಲಿ ಬರೆಯುವುದು. 5:25ಕ್ಕೆ ಇಪ್ಪತ್ತು ನಿಮಿಷದ ಮೈಬಿಸಿ: ನಿಧಾನ ಓಟ, ಪಕ್ಕಕ್ಕೆ ಓಟ, ಪ್ಲ್ಯಾಂಕ್ (ಮುಂಗೈ ಊರಿ ಮೈ ನೆಟ್ಟಗೆ ಹಿಡಿಯುವುದು), ಒಂಟಿ ಕಾಲಿನ ಸಮತೋಲ, ಹಾರಿ ಮೆತ್ತಗೆ ಇಳಿಯುವುದು. ಫುಟ್ಬಾಲಿಗೆಂದು ಫಿಫಾ ರೂಪಿಸಿದ 'ಇಲೆವೆನ್ ಪ್ಲಸ್' ಕ್ರಮದಿಂದ ಇವನ್ನು ತೆಗೆದುಕೊಂಡದ್ದು. ಮಂಡಿ, ಕಣಕಾಲಿನ ಗಾಯ ಕಡಿಮೆ ಮಾಡುತ್ತದೆಂದು ಸಾಬೀತಾದ ಕ್ರಮ ಅದು. ಗಾಯ ತಡೆಯುವುದು ಇಲ್ಲಿ ಅಮಲು ತಡೆಯುವ ಕೆಲಸವೂ ಹೌದು. ಗಾಯಗೊಂಡು ಆರು ವಾರ ಹೊರಗೆ ಕೂತ ಹುಡುಗ ನೋವಿನ ಮಾತ್ರೆಯ ಪರಿಚಯ ಮಾಡಿಕೊಳ್ಳುತ್ತಾನೆ, ಖಾಲಿ ಸಂಜೆಯ ಪರಿಚಯವನ್ನೂ ಮಾಡಿಕೊಳ್ಳುತ್ತಾನೆ. ಮುಂಗೈ ಮುರಿದುಕೊಂಡ ರೈಡರಿಗೆ ಮೇ ತಿಂಗಳಿಡೀ ಆದದ್ದು ಇದೇ.

5:45ಕ್ಕೆ ಇಪ್ಪತ್ತು ನಿಮಿಷ ಬಲದ ಅಭ್ಯಾಸ. ಖರ್ಚಿಲ್ಲದ ಸಾಮಾನುಗಳು ಸಾಕು. ಐದೈದು ಕಿಲೋ ಮರಳು ತುಂಬಿ ಎರಡು ಸಲ ಹೊಲಿದ ಚೀಲಗಳು ಹನ್ನೆರಡು (ಒಂದೇ ಹೊಲಿಗೆ ಮೂರನೇ ವಾರಕ್ಕೆ ಬಿಚ್ಚುತ್ತದೆ), ಸೈಕಲ್ ಟ್ಯೂಬ್ ಕತ್ತರಿಸಿದ ಎಳೆಪಟ್ಟಿಗಳು, ಹತ್ತು ಸ್ಕಿಪ್ಪಿಂಗ್ ಹಗ್ಗ. ನೇತಾಡಲು ಒಂದೂವರೆ ಇಂಚಿನ ಜಿಐ ಪೈಪು, ನೆಲದಿಂದ ಏಳೂವರೆ ಅಡಿ ಎತ್ತರಕ್ಕೆ, ಕಂಬಗಳು ಎರಡು ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ. ಮುರಕಲ್ಲಿನ ನೆಲ ಗಟ್ಟಿ ಇದೆಯೆಂದು ಒಂದಡಿಗೆ ನಿಲ್ಲಿಸಿದರೆ ಒಂದು ಮಳೆಗಾಲಕ್ಕೆ ಕಂಬ ಅಲುಗಾಡುತ್ತದೆ. 6:05ರಿಂದ 6:40 ಆಟ. ಆಮೇಲಿನದು ಮುಖ್ಯ: 6:40ಕ್ಕೆ ದೀಪ ಹಾಕಿ ಎಲ್ಲರೂ ಸುತ್ತು ಕೂರುವುದು, ತಿಂಡಿ, ಹತ್ತು ಹದಿನೈದು ನಿಮಿಷ ಮಾತು. 7:10ಕ್ಕೆ ಒಂದೇ ದಾರಿಯವರು ಒಟ್ಟಾಗಿ ಮನೆಗೆ. ಕೊನೆಯ ಹುಡುಗ ಹೊರಟ ಮೇಲೆ ಇಬ್ಬರು ದೊಡ್ಡವರು ದೀಪ ಆರಿಸುತ್ತಾರೆ, ಅದಕ್ಕೆ ಮುಂಚೆ ಹೋಗುವುದಿಲ್ಲ.

ತಿಂಡಿಯನ್ನು ಖರ್ಚೆಂದು ಬಿಡುವವರಿದ್ದಾರೆ. ಬಿಡಬಾರದು. ಮಧ್ಯಾಹ್ನ ಗಂಜಿ ಕುಡಿದು ಬಂದ ಹುಡುಗ ಏಳು ಗಂಟೆಗೆ ಹಸಿದಿರುತ್ತಾನೆ, ಹಸಿವನ್ನು ಮುಚ್ಚಲು ತುಟಿಗೆ ತಂಬಾಕು ಇಡುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಒಬ್ಬನಿಗೆ 40 ಗ್ರಾಂ ಒಣ ಕಡಲೆಯ ಉಸುಲಿ, ಒಂದು ಬಾಳೆಹಣ್ಣು, ವಾರಕ್ಕೆ ಎರಡು ದಿನ ಮೊಟ್ಟೆ. ಕಡಲೆಯಿಂದ ಎಂಟು ಗ್ರಾಂ, ಮೊಟ್ಟೆಯಿಂದ ಆರು ಗ್ರಾಂ ಪ್ರೋಟೀನ್ ಸಿಗುತ್ತದೆ. ಮಾರ್ಚ್ ಏಪ್ರಿಲಿನ ಸೆಕೆಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಪ್ಪಟೆ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪ್ರೋಟೀನ್ ಪುಡಿಯ ಡಬ್ಬ, ಎನರ್ಜಿ ಡ್ರಿಂಕ್ ಅಂಗಳದೊಳಗೆ ಬರಬಾರದು. ಜಿಮ್ಮಿನ ಹುಡುಗರಿಂದ ಪುಡಿ ತಂದವನಿಗೆ ಮುಂದೊಮ್ಮೆ ಅದೇ ಕೈಯಿಂದ ಸ್ಟೀರಾಯ್ಡ್ ಸೂಜಿಯೂ ಸಿಗಬಹುದು. ರಂಜಾನಿನಲ್ಲಿ ಉಪವಾಸ ಇರುವವರಿಗೆ ಅಭ್ಯಾಸ ಹಗುರ, ತಿಂಡಿ ಮಗ್ರಿಬ್ ಬಾಂಗಿಗೆ ಹೊಂದಿಸಿ. ಆ ತಿಂಗಳು ಎಲ್ಲರೂ ಆ ಹೊತ್ತಿಗೇ ತಿಂದರು.

ಸುತ್ತಿನ ಮಾತು

ಸುತ್ತಿನಲ್ಲಿ ಭಾಷಣ ಇಲ್ಲ. ಆ ದಿನದ ಆಟದಲ್ಲಿ ನಡೆದ ಒಂದು ಸಂಗತಿಯಿಂದ ಮಾತು ಹೊರಡಬೇಕು. 13ರಿಂದ 18 ವಯಸ್ಸಿನವರಿಗಾಗಿ ವಿಶ್ವಸಂಸ್ಥೆಯ ಅದೇ ಕಚೇರಿ ರೂಪಿಸಿದ 'ಲೈನ್ ಅಪ್ ಲಿವ್ ಅಪ್' ಎಂಬ ಹತ್ತು ಪಾಠಗಳ ಕ್ರಮ ಇದೇ ತತ್ವದ್ದು. ಕಬಡ್ಡಿ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಒಂದು ಅಭ್ಯಾಸ ಹೀಗೆ. ರೈಡರಿಗೆ ಪಾಯಿಂಟ್ ಬೇಡ, 30 ಸೆಕೆಂಡಿನೊಳಗೆ ಆಚೆ ಹೋಗಿ ಮಧ್ಯ ಗೆರೆಗೆ ಮರಳಿದರೆ ಸಾಕು. ಏಳು ಮಂದಿ ಅವನನ್ನು ಒಳಕ್ಕೆ ಸೆಳೆಯಲು ನೋಡುತ್ತಾರೆ: ಮೂಲೆಯವನು ಕಾಲು ಮುಂದಿಟ್ಟು ಆಸೆ ತೋರಿಸುತ್ತಾನೆ, ಪಕ್ಕದವನು ಸುಮ್ಮನೆ ನಿಂತಂತೆ ನಟಿಸುತ್ತಾನೆ. ಪ್ರತಿಯೊಬ್ಬನಿಗೂ ಎರಡು ಸರದಿ. ಸುತ್ತಿನಲ್ಲಿ ಕೇಳುವುದು ಇಷ್ಟು: "ತಿರುಗಿ ಬರಬೇಕು ಅಂತ ನಿನಗೆ ಯಾವಾಗ ಗೊತ್ತಾಯ್ತು? ಗೊತ್ತಾದ ಮೇಲೆ ಎಷ್ಟು ಹೊತ್ತು ಅಲ್ಲೇ ಇದ್ದೆ?" ಸಿಕ್ಕಿಬಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತಾರೆ: ಗೊತ್ತಾಗಿತ್ತು, ಇನ್ನೊಂದು ಹೆಜ್ಜೆ ಅಂತ ನೋಡಿದೆ. ಅಲ್ಲಿಂದ ಶಾಲೆಯ ಹಿಂದಿನ ಪಾರ್ಟಿಗೆ ಮಾತು ತಾನಾಗಿ ಹೋಗುತ್ತದೆ. ಮರುವಾರ ಅದನ್ನೇ ಮಾತಿನಲ್ಲಿ ಆಡಿಸುವುದು. ಮೂವರು ಒತ್ತಾಯ ಮಾಡುತ್ತಾರೆ, ಒಬ್ಬ 30 ಸೆಕೆಂಡಿನಲ್ಲಿ ಹೊರಬರಬೇಕು. "ಬೇಡ ಮಾರಾಯ, ಬೆಳಿಗ್ಗೆ ಕೆಲಸ ಉಂಟು" ಎಂಬಷ್ಟು ಚಿಕ್ಕ ಮಾತು ಸಾಕು. ಕಾರಣ ವಿವರಿಸಿದಷ್ಟೂ ಎದುರಿನವರಿಗೆ ವಾದಕ್ಕೆ ಹಿಡಿ ಸಿಗುತ್ತದೆ. ಮಾತು ಮುಗಿಯುವ ಮೊದಲೇ ಕಾಲು ಹೊರಟಿರಬೇಕು. ಬಾಯಲ್ಲಿ ಬೇಡ ಎಂದು ನಿಂತಲ್ಲೇ ನಿಂತವನು ಆಡಿಸಿದಾಗಲೆಲ್ಲ ಸೋತ. ಹುಡುಗರು ಈ ಮಾತುಗಳನ್ನು ತುಳುವಿನಲ್ಲಿ, ಬ್ಯಾರಿಯಲ್ಲಿ ಆಡಬೇಕು. ಪುಸ್ತಕದ ಕನ್ನಡದಲ್ಲಿ ಕಲಿತ 'ಬೇಡ' ರಾತ್ರಿ ಎಂಟಕ್ಕೆ ನಾಲಗೆಗೆ ಬರುವುದಿಲ್ಲ.

ಇನ್ನೊಂದು ಹುಣಸೆ ಬೀಜದ ಲೆಕ್ಕ. ಪ್ರತಿ ಹುಡುಗನಿಗೆ ಒಂದು ಬೀಜ, ಒಂದು ಸಣ್ಣ ಕಲ್ಲು. ಬಟ್ಟೆ ಮುಚ್ಚಿದ ಮಡಕೆಯೊಳಗೆ ಕೈ ಹಾಕಿ, ಕಳೆದ ತಿಂಗಳು ಗಾಂಜಾ ಸೇದಿದ್ದರೆ ಕಲ್ಲು, ಇಲ್ಲದಿದ್ದರೆ ಬೀಜ ಬಿಡುವುದು. ಅದಕ್ಕೆ ಮುಂಚೆ 'ಮೂವತ್ತರಲ್ಲಿ ಎಷ್ಟು ಮಂದಿ' ಎಂದು ಪ್ರತಿಯೊಬ್ಬನ ಊಹೆಯನ್ನು ಚೀಟಿಯಲ್ಲಿ ಬರೆಸಬೇಕು. ಊಹೆ ಸಾಮಾನ್ಯವಾಗಿ ನಿಜಕ್ಕಿಂತ ಬಹಳ ಮೇಲಿರುತ್ತದೆ, 'ಎಲ್ಲರೂ ಸೇದ್ತಾರೆ' ಎಂಬ ಮಾತಿನ ಬಲ ಅಲ್ಲಿಗೆ ಕುಗ್ಗುತ್ತದೆ. ಆದರೆ ಮಡಕೆಯನ್ನು ಎಲ್ಲರೆದುರು ತೆರೆಯಬೇಡಿ. ಮೊದಲು ದೊಡ್ಡವರು ಎಣಿಸಬೇಕು. ಕಲ್ಲುಗಳೇ ಹೆಚ್ಚಿದ್ದರೆ ಆ ಸಂಖ್ಯೆ ಹೇಳುವುದರಿಂದ ಉಲ್ಟಾ ಪರಿಣಾಮವಾಗುತ್ತದೆ, ಆಗ ಈ ಅಭ್ಯಾಸವನ್ನು ಕೈಬಿಟ್ಟು ಬೇರೆ ದಾರಿ ನೋಡಬೇಕು.

ಗುಂಪು ಮಾಡುವಾಗಿನ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಮೂರನೇ ವಾರ 'ತೊಂದರೆಯ ಹುಡುಗರು' ಎಂದು ಆರು ಮಂದಿಯನ್ನು ಬೇರೆ ಕೂರಿಸಿ ವಿಶೇಷ ಗಮನ ಕೊಡಲಾಯಿತು. ಹತ್ತು ದಿನದಲ್ಲಿ ಆ ಆರು ಮಂದಿ ಒಂದು ಗಟ್ಟಿ ಕೂಟವಾದರು, ಅಲ್ಲಿಯವರೆಗೆ ಬೀಡಿ ಮಾತ್ರ ಸೇದುತ್ತಿದ್ದವನು ಉಳಿದವರಿಂದ ಮುಂದಿನದನ್ನು ಕಲಿತ. ಅಪಾಯದಲ್ಲಿರುವವರನ್ನೇ ಒಂದೆಡೆ ಕೂಡಿಹಾಕಿದರೆ ಅವರು ಒಬ್ಬರಿಗೊಬ್ಬರು ಗುರುಗಳಾಗುತ್ತಾರೆ ಎಂಬುದು ತಡೆಗಟ್ಟುವಿಕೆಯ ಸಂಶೋಧನೆಯಲ್ಲಿ ಹಳೆಯ ಪಾಠ. ನಂತರ ಏಳು ಮಂದಿಯ ತಂಡದಲ್ಲಿ ಅಂಥವರು ಇಬ್ಬರಿಗಿಂತ ಹೆಚ್ಚಿರದಂತೆ ಹಂಚಲಾಯಿತು.

ಅಳತೆಯ ಪುಸ್ತಕ

ಎಂಟು ವಾರಕ್ಕೊಮ್ಮೆ ನಾಲ್ಕು ಅಳತೆ: 20 ಮೀಟರ್ ಶಟಲ್ ಓಟ (ಎರಡು ಗೆರೆಗಳ ನಡುವೆ ಹಿಂದೆ ಮುಂದೆ ಓಡುವುದು; ಗಂಟೆಗೆ 8.5 ಕಿ.ಮೀ. ವೇಗದಿಂದ ಶುರುವಾಗಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುವುದು), ನಿಂತಲ್ಲಿಂದ ಉದ್ದ ಜಿಗಿತ, ಪ್ಲ್ಯಾಂಕ್, ವಿಶ್ರಾಂತಿಯ ನಾಡಿ. ಕಬಡ್ಡಿ ಅಂಗಳದ ಉದ್ದ 13 ಮೀಟರ್, ಶಟಲಿಗೆ ಸಾಲದು. ಕ್ಲಬ್ಬಿನ ಮುಂದಿನ ದಾರಿಯಲ್ಲಿ ಸುಣ್ಣದ ಗೆರೆ ಎಳೆಯಲಾಯಿತು. ಅಂಕಿ ಆಯಾ ಹುಡುಗನ ಪುಸ್ತಕದಲ್ಲಿ ಮಾತ್ರ. ಮೊದಲ ಸಲ ಗೋಡೆಗೆ ಪಟ್ಟಿ ಅಂಟಿಸಿದಾಗ ಕೊನೆಯ ಐವರಲ್ಲಿ ಮೂವರು ಮರುವಾರ ಬರಲಿಲ್ಲ.

ಹೆದರಿಕೆಯ ಚಿತ್ರ ಮಾಡದ ಕೆಲಸವನ್ನು ಪುಸ್ತಕ ಮಾಡಿತು. ಧೂಮಪಾನ ಬಿಟ್ಟ ಇಪ್ಪತ್ತು ನಿಮಿಷದಲ್ಲಿ ಎದೆಬಡಿತ ಇಳಿಯುತ್ತದೆ, ಹನ್ನೆರಡು ಗಂಟೆಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಹಜಕ್ಕೆ ಬರುತ್ತದೆ, ಎರಡರಿಂದ ಹನ್ನೆರಡು ವಾರದಲ್ಲಿ ಶ್ವಾಸಕೋಶದ ಕೆಲಸ ಸುಧಾರಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂಟು ವಾರದ ಅಂತರ ಈ ಅವಧಿಯೊಳಗೆ ಬೀಳುತ್ತದೆ. ಬೀಡಿ ಬಿಟ್ಟವನಿಗೆ ತನ್ನ ಕೈಬರಹದಲ್ಲೇ ವ್ಯತ್ಯಾಸ ಕಾಣುತ್ತದೆ. ಆಸೆ ಎದ್ದಾಗ ಹತ್ತು ಹದಿನೈದು ನಿಮಿಷ ಚುರುಕಾಗಿ ನಡೆದರೆ ತಂಬಾಕಿನ ಸೆಳೆತ ಆ ಹೊತ್ತಿಗೆ ತಗ್ಗುತ್ತದೆ, ಇದಕ್ಕೂ ಪ್ರಯೋಗಗಳ ಆಧಾರ ಇದೆ.

ನಾಡಿಯ ಬಗ್ಗೆ ಒಂದು ಎಚ್ಚರಿಕೆ. ಒಬ್ಬನ ನಾಡಿ ಅವನ ಮಾಮೂಲಿಗಿಂತ 20 ಹೆಚ್ಚಿದ್ದರೆ ಕಾರಣ ಜ್ವರ ಇರಬಹುದು, ನಿದ್ದೆಗೇಡು ಇರಬಹುದು, ಓಡಿ ಬಂದದ್ದಿರಬಹುದು, ಅಮಲೂ ಇರಬಹುದು. "ಇವತ್ತು ಹೇಗಿದ್ದಿ, ನಿದ್ದೆ ಆಯ್ತಾ?" ಎಂದು ಕೇಳುವುದಕ್ಕೆ ಮಾತ್ರ ಅದನ್ನು ಬಳಸಬೇಕು. ಮೂತ್ರ ಪರೀಕ್ಷೆಯ ಸಲಹೆ ಸಮಿತಿಯಿಂದ ಬಂದಿತ್ತು, ಒಪ್ಪಲಿಲ್ಲ. ಪರೀಕ್ಷೆ ಶುರುವಾದ ದಿನವೇ ಯಾರು ಅಂಗಳದಲ್ಲಿ ಇರಬೇಕೋ ಅವರು ಬರುವುದನ್ನು ನಿಲ್ಲಿಸುತ್ತಾರೆ.

ಆಡಿಸಬಾರದ ದಿನಗಳು

ಅಮಲು ಏರಿದವನನ್ನು 'ಬೆವರಿಳಿಸಿದರೆ ಇಳಿಯುತ್ತದೆ' ಎಂದು ಓಡಿಸುವ ಕೋಚ್‌ಗಳು ಇದ್ದಾರೆ. ಇದು ಪ್ರಾಣಕ್ಕೆ ಬರಬಹುದಾದ ತಪ್ಪು. ಅಂಟು, ಥಿನ್ನರ್ ಮೂಸಿದವನ ಹೃದಯ ಅಡ್ರಿನಲಿನ್‌ಗೆ ವಿಪರೀತ ಸೂಕ್ಷ್ಮವಾಗಿರುತ್ತದೆ. ಹೆದರಿಸಿದರೆ, ಅಟ್ಟಿಸಿಕೊಂಡು ಹೋದರೆ, ಓಡಿಸಿದರೆ ಬಡಿತ ತಪ್ಪಿ ಅಲ್ಲೇ ಸಾಯಬಹುದು, ಮೊದಲ ಸಲ ಮೂಸಿದವನೂ ಸಾಯಬಹುದು. ಬಾಯಿ ಮೂಗಿನ ಸುತ್ತ ಕಜ್ಜಿ, ಬಟ್ಟೆಯಲ್ಲಿ ರಾಸಾಯನಿಕದ ವಾಸನೆ ಕಂಡರೆ ಗದರದೆ, ಮೆತ್ತಗೆ ಮಾತಾಡಿ, ಗಾಳಿಯಾಡುವಲ್ಲಿ ಕೂರಿಸಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಎಂಡಿಎಂಎ ಮೈಯ ಬಿಸಿಯನ್ನು ಏರಿಸುತ್ತದೆ, ಏಪ್ರಿಲಿನ ಸೆಕೆಯಲ್ಲಿ ಆಟ ಸೇರಿದರೆ ಇನ್ನಷ್ಟು ಏರುತ್ತದೆ. ಬಾಯಾರಿಕೆಗೆಂದು ಒಮ್ಮೆಲೇ ಬಹಳ ನೀರು ಕುಡಿಸುವುದೂ ಅಪಾಯ, ರಕ್ತದ ಸೋಡಿಯಂ ಕುಸಿಯುತ್ತದೆ. ಗಾಂಜಾ ಸೇದಿದವನ ಎದೆಬಡಿತ ಏರಿ, ಪ್ರತಿಕ್ರಿಯೆ ನಿಧಾನವಾಗಿರುತ್ತದೆ, ಹಿಡಿತಕ್ಕೆ ಸಿಕ್ಕಾಗ ಕುತ್ತಿಗೆ ಉಳುಕುವವನು ಅವನೇ. ದಿನವೂ ಕುಡಿಯುವವನು ಅಥವಾ ನಿದ್ದೆ ಮಾತ್ರೆ ನುಂಗುವವನು 'ಇವತ್ತಿನಿಂದ ಬಿಟ್ಟೆ' ಎಂದರೆ ಬೆನ್ನು ತಟ್ಟಿ ಕಳಿಸಬೇಡಿ. ಒಮ್ಮೆಲೇ ನಿಲ್ಲಿಸಿದಾಗ ನಡುಕ, ಫಿಟ್ಸ್ ಬರಬಹುದು. ಅವನು ಮೊದಲು ವೈದ್ಯರ ಬಳಿಗೆ ಹೋಗಬೇಕು, ಅಂಗಳಕ್ಕೆ ಆಮೇಲೆ.

ಈ ಯಾವ ಕಾರಣಕ್ಕೂ ಹುಡುಗನನ್ನು ಮನೆಗೆ ಅಟ್ಟಬಾರದು. ಆ ದಿನ ಆಟ ಇಲ್ಲ, ಸುತ್ತಿನಲ್ಲಿ ಜಾಗ ಇದೆ, ತಿಂಡಿ ಇದೆ. ತಂಡದಿಂದ ತೆಗೆಯುವ ಶಿಕ್ಷೆಯನ್ನು ನಿಯಮಾವಳಿಯಿಂದಲೇ ಕಿತ್ತುಹಾಕಲಾಯಿತು. ಅದರ ಬದಲು ಎರಡು ಗೆರೆ: ಅಂಗಳದಲ್ಲಿ ಬಳಸುವಂತಿಲ್ಲ, ಇನ್ನೊಬ್ಬನಿಗೆ ಕೊಡುವಂತಿಲ್ಲ. ಎರಡನೆಯದನ್ನು ದಾಟುವವರು ಹೆಚ್ಚಾಗಿ ಹಿರಿಯರೇ, ಅವರಿಗೆ ಕಾನೂನು ತಿಳಿಸಬೇಕಾಗಿ ಬಂತು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 18 ತುಂಬದವರಿಗೆ ಮದ್ಯ, ಮಾದಕ, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಸಾಗಿಸಲು ಮಕ್ಕಳನ್ನು ಬಳಸಿದರೆ 78ನೇ ಸೆಕ್ಷನ್. ಗಡಿಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ: ಕರ್ನಾಟಕದ ಗಡಿಯಾದ ತಲಪಾಡಿಯ ಆಚೆಯಿಂದ ಈಚೆಗೆ ಒಂದು ಪೊಟ್ಟಣ ತಂದುಕೊಡು ಎಂದು ಚಿಕ್ಕವರಿಗೆ ಹೇಳುವುದುಂಟು. ಎಂಡಿಎಂಎಯಲ್ಲಿ ಕಾನೂನು ಕಡಿಮೆ ಶಿಕ್ಷೆ ಇಟ್ಟಿರುವ 'ಸಣ್ಣ ಪ್ರಮಾಣ'ದ ಮಿತಿ ಅರ್ಧ ಗ್ರಾಂ ಮಾತ್ರ ಎಂಬುದು ತರುವ ಹುಡುಗನಿಗೆ ಗೊತ್ತೇ ಇರುವುದಿಲ್ಲ.

ಆ ರೈಡರ್

ಮುಂಗೈ ಕೂಡಿದ ಮೇಲೂ ಅವನು ಅಂಗಳಕ್ಕೆ ಬರಲಿಲ್ಲ. ಅಕ್ಟೋಬರಿನಲ್ಲಿ ಕೋಚ್ ಮನೆಗೆ ಹೋಗಿ ಕರೆದದ್ದು ಆಡಲು ಅಲ್ಲ, ನಾಡಿ ಬರೆಯುವ ಕೆಲಸಕ್ಕೆ: ಚಿಕ್ಕವರಿಗೆ ಎಣಿಸಲು ಕಲಿಸು ಎಂದು. ಬಂದ. ಎರಡು ವಾರದ ಮೇಲೆ ಅಂಗಳದ ಅಂಚಿನ ಗೇರುಮರದ ಕೆಳಗೆ, ಉಸ್ತುವಾರಿಗೆ ಬರುತ್ತಿದ್ದ ನಿವೃತ್ತ ಟೀಚರೊಂದಿಗೆ ಮಾತಾಯಿತು. ಹದಿಹರೆಯದವರಿಗಾಗಿ ಇರುವ ಕ್ರಾಫ್ಟ್ ಎಂಬ ಆರು ಪ್ರಶ್ನೆಗಳನ್ನು ಮಾತಿನ ನಡುವೆ ಕೇಳಲಾಯಿತು: ಅಮಲಿನಲ್ಲಿರುವವರ ವಾಹನ ಹತ್ತಿದ್ದುಂಟೇ, ಮನಸ್ಸು ಹಗುರ ಮಾಡಿಕೊಳ್ಳಲು ಬಳಸುತ್ತೀಯಾ, ಒಬ್ಬನೇ ಇರುವಾಗ ಬಳಸುತ್ತೀಯಾ, ಮಾಡಿದ್ದು ಮರೆತುಹೋಗುತ್ತದಾ, ಮನೆಯವರು ಗೆಳೆಯರು ಕಡಿಮೆ ಮಾಡು ಎಂದಿದ್ದಾರಾ, ತೊಂದರೆಗೆ ಸಿಕ್ಕಿದ್ದುಂಟಾ. ಎರಡಕ್ಕೆ ಹೌದು ಎಂದರೆ ಮುಂದಿನ ಪರಿಶೀಲನೆ ಬೇಕು. ಅವನದು ನಾಲ್ಕು. ತಂಬಾಕು ಹದಿಮೂರರಿಂದ, ಗಾಂಜಾ ವಾರಕ್ಕೆ ಮೂರು ನಾಲ್ಕು ದಿನ, ರಾತ್ರಿ ಒಬ್ಬನೇ ಸೇದುವುದು ಮೇ ತಿಂಗಳಿಂದ.

ಮಾತಿಗೆ ಮುಂಚೆಯೇ ಗುಟ್ಟಿನ ಮಿತಿ ಹೇಳಲಾಗಿತ್ತು: ನಿನ್ನ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನ್ನನ್ನು ದುರ್ಬಳಕೆ ಮಾಡುತ್ತಿದ್ದರೆ ಗುಟ್ಟು ಉಳಿಯುವುದಿಲ್ಲ, ಉಳಿದದ್ದು ನಿನ್ನನ್ನು ಕೇಳಿಯೇ ಮುಂದಕ್ಕೆ. ಅಮ್ಮನಿಗೆ ಹೇಳಲು ಅವನೇ ಒಪ್ಪಿದ, ಜೊತೆಗೆ ಟೀಚರ್ ಬರಬೇಕೆಂದ. ಪೊಲೀಸ್ ಕೇಸಿನ ಹೆದರಿಕೆ ಅಮ್ಮನಿಗಿತ್ತು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ರಕ್ಷಣೆ ಕೊಡುತ್ತದೆ ಎಂಬುದು ಆ ಸಂಜೆ ಅವರಿಗೆ ಬಹಳ ದೊಡ್ಡ ವಿಷಯವಾಗಿತ್ತು.

ಚಿಕಿತ್ಸೆಗೆ ಕಳಿಸುವಲ್ಲಿ ಗಡಿನಾಡಿನ ತೊಡಕು ಎದುರಾಯಿತು. ಕೇರಳದ ವ್ಯಸನಮುಕ್ತಿ ಯೋಜನೆಯಾದ ವಿಮುಕ್ತಿಯ ಜಿಲ್ಲಾ ಕೇಂದ್ರ ಇರುವುದು ನೀಲೇಶ್ವರದಲ್ಲಿ, ಮಂಜೇಶ್ವರದ ಕಡೆಯಿಂದ 60 ಕಿ.ಮೀ.ಗೂ ಹೆಚ್ಚು ದೂರ. ಮಾತುಕತೆ ಮಲಯಾಳದಲ್ಲಿ. ಹತ್ತಿರವಾದ ಮಂಗಳೂರಿನಲ್ಲಿ ಭಾಷೆ ಸಲೀಸು, ಆದರೆ ಹುಡುಗನ ಕೈಯಲ್ಲಿರುವುದು ಬೇರೆ ರಾಜ್ಯದ ಕಾರ್ಡು. ಮೊದಲ ಸಲ ಹುಡುಗ ಒಬ್ಬನೇ ನೀಲೇಶ್ವರಕ್ಕೆ ಹೋಗಿ, ಕೇಳಿದ್ದು ಅರ್ಧಂಬರ್ಧ ಅರ್ಥವಾಗಿ, ಎರಡನೇ ತಾರೀಕಿಗೆ ಹೋಗಲೇ ಇಲ್ಲ. ತಪ್ಪು ಒಬ್ಬನೇ ಕಳಿಸಿದವರದು. ಮುಂದಿನ ಸಲ ಮಲಯಾಳ ಬಲ್ಲ ಒಬ್ಬರು ಜೊತೆಗೆ ಹೋದರು. ಏನನ್ನು, ಎಷ್ಟು, ಯಾವಾಗಿನಿಂದ, ನಿದ್ದೆ ಹೇಗೆ, ಹಿಂದಿನ ಕಾಯಿಲೆ, ಇಷ್ಟನ್ನು ಒಂದೇ ಪುಟದಲ್ಲಿ ಮಲಯಾಳದಲ್ಲಿ ಬರೆದು ಕೊಡಲಾಯಿತು. ನಡುವಿನ ವಾರಗಳಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಿಸಲಾಯಿತು. ವಿಮುಕ್ತಿಯ 14405, ಮಕ್ಕಳ ಸಹಾಯವಾಣಿ 1098, ಕೇಂದ್ರದ ವ್ಯಸನಮುಕ್ತಿ ಸಹಾಯವಾಣಿ 14446, ಈ ನಾಲ್ಕೂ ಸಂಖ್ಯೆಗಳನ್ನು ಎಲ್ಲರ ಅಳತೆ ಪುಸ್ತಕದ ಹಿಂದಿನ ರಟ್ಟಿನಲ್ಲಿ ಅಚ್ಚು ಹಾಕಿಸಲಾಯಿತು. ಗೋಡೆಯ ಪೋಸ್ಟರಿನಿಂದ ನಂಬರು ಬರೆದುಕೊಳ್ಳಲು ಯಾವ ಹುಡುಗನೂ ಎಲ್ಲರೆದುರು ನಿಲ್ಲುವುದಿಲ್ಲ.

ಮಾರ್ಚ್ ಹೊತ್ತಿಗೆ ಅವನ ಗಾಂಜಾ ವಾರಕ್ಕೊಮ್ಮೆಗೆ ಇಳಿದಿತ್ತು. ತಂಬಾಕು ನಿಂತಿರಲಿಲ್ಲ. ಶಟಲಿನಲ್ಲಿ ಎರಡು ಹಂತ ಮೇಲೆ ಹೋಗಿದ್ದ. ಪ್ಲಸ್ ಒನ್ನಿಗೆ ಮತ್ತೆ ಹೋಗಲು ಮನಸ್ಸು ಮಾಡಿರಲಿಲ್ಲ. ಇದನ್ನು ಗೆಲುವೆಂದು ಬರೆದುಕೊಳ್ಳುವುದು ಅವಸರವಾಗುತ್ತದೆ, ಸೋಲೆಂದು ಬಿಡುವುದು ಅನ್ಯಾಯ.

ಮಳೆಗಾಲ, ಹುಡುಗಿಯರು

ಜೂನ್ ಬಂದೊಡನೆ ಅಂಗಳ ಕೆರೆಯಾಯಿತು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಬಯಲಿನ ಕಾರ್ಯಕ್ರಮಕ್ಕೆ ನಾಲ್ಕು ತಿಂಗಳ ತೂತು ಇದ್ದೇ ಇರುತ್ತದೆ ಎಂಬುದನ್ನು ಯಾರೂ ಮೊದಲೇ ಲೆಕ್ಕ ಹಾಕಿರಲಿಲ್ಲ. ಜುಲೈ ಹೊತ್ತಿಗೆ ಎಂಟು ಹುಡುಗರು ತಪ್ಪಿಹೋದರು. ಹಿರಿಯರ ಬೈಕುಗಳು ಬಸ್‌ ನಿಲ್ದಾಣದ ಸೂರಿನಡಿಗೆ ಸ್ಥಳ ಬದಲಿಸಿದವು, ಹುಡುಗರೂ ಅಲ್ಲಿಗೆ. ರೈಡರ್ ಒಂದು ತಿಂಗಳು ಮತ್ತೆ ಹಳೆಯ ಲೆಕ್ಕಕ್ಕೆ ಮರಳಿ, ಆಗಸ್ಟಿನಲ್ಲಿ ತಾನಾಗಿ ಟೀಚರಿಗೆ ಫೋನ್ ಮಾಡಿದ. ಆಗ ಶಾಲೆಯ ಸಭಾಂಗಣ ಕೇಳಿ ಪಡೆದದ್ದು ವಾರಕ್ಕೆ ಎರಡು ದಿನ. ಹಗ್ಗ, ಮರಳು ಚೀಲ, ಯೋಗದ ಉಸಿರಾಟ, ಕೇರಂ, ಸುತ್ತು. ಓಟ ಇಲ್ಲದಿದ್ದರೂ ನಡೆಯುತ್ತದೆ, ಆ ಅರ್ಧ ಗಂಟೆ ಇಲ್ಲದಿದ್ದರೆ ಇಲ್ಲ.

ಹುಡುಗಿಯರ ವಿಷಯ ಮೊದಲ ವರ್ಷ ಪೂರ್ತಿ ಬಿಟ್ಟುಹೋಯಿತು. ಸಂಜೆ ಏಳರವರೆಗಿನ ವೇಳೆ, ಶೌಚಾಲಯ ಇಲ್ಲದ ಅಂಗಳ, ನೋಡಲು ನಿಲ್ಲುವ ಗಂಡಸರು, ಯಾವ ಮನೆಯೂ ಕಳಿಸದು. ಅಮಲಿನ ಹೊರೆ ಅವರ ಮೇಲೆ ಬೇರೆ ರೀತಿಯಲ್ಲಿ ಬೀಳುತ್ತದೆ: ಕುಡಿದು ಬರುವ ಅಪ್ಪ, ಅಣ್ಣ. ನಾಲ್ಕೂವರೆಯಿಂದ ಐದೂವರೆ, ಶಾಲೆಯ ಒಳ ಅಂಗಳದಲ್ಲಿ, ಇಬ್ಬರು ಮಹಿಳೆಯರ ಉಸ್ತುವಾರಿಯಲ್ಲಿ ಬೇರೆ ತಂಡ ಬೇಕು. ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದವರು ಈ ಹೊಣೆಗೆ ಒಪ್ಪಿದ್ದಾರೆ. ಪಂಚಾಯತಿನ ಮುಂದಿನ ಯೋಜನಾ ಸಭೆಗೆ ಮೂರು ಬೇಡಿಕೆ ಹೋಗಿವೆ: ಬಾಗಿಲಿರುವ ಶೌಚಾಲಯ, ತಿಂಡಿಯ ವೆಚ್ಚ, ಜೂನ್ ಒಂದರಿಂದಲೇ ಸಭಾಂಗಣದ ಕೀಲಿಕೈ.